ದಿಂಬಿಗೆ ಬೀಳುವ ಏಟು

ಪತ್ರ: ಅಕ್ಕೋರ, ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಮಗಳಿಗೆ ಏಳು ವರ್ಷ, ಗಂಗಾವತಿಯ ಇಂಗ್ಲಿಷ್ ಮೀಡಿಯಂ ಸಾಲ್ಯಾಗ ಎರಡನೇತ್ತ ಓದ್ತಾಳ. ಮಗನಿಗೆ ನಾಲ್ಕು. ಮುಂಜಾನಿ ವ್ಯಾನಿನ ಹಾರನ್ ಕೇಳಿದ ಕೂಡಲೇ ಮಗಳು ಅಳ್ತಾಳ, ಕೆಲವು ದಿನ ವಾಂತಿನೂ ಮಾಡ್ಕೊಂತಾಳ. ರವಿವಾರ ಏನೂ ಇರಂಗಿಲ್ಲ. ನಾನು ಬಿಎಸ್ಸಿ, ಬಿಎಡ್ ಮಾಡೀನಿ. ಬೆಂಗಳೂರಾಗ ಕೆಲವರು ಮಕ್ಕಳಿಗೆ ಮನಿಯಾಗ ಕಲಸೂದನ್ನ ಮೊಬೈಲ್‌ನಾಗ ನೋಡಿದೆ, ಇಬ್ಬರಿಗೂ ನಾನೇ ಹಂಗ ಕಲಸಬೇಕಂತ ಮನಸ್ಸಾಗೇತಿ. ಯಜಮಾನರು ರೈಸ್‌ಮಿಲ್‌ನಾಗ ಲೆಕ್ಕ ಬರೀತಾರ, ‘ಫೀ ಕಟ್ಟೇವಿ, ಸುಮ್ನ ಕಳಸು’ ಅಂತಾರ. ಅತ್ತಿಯವರಿಗೆ ಮಂದಿ ಏನಂತಾರಂತ ಚಿಂತಿ. ಮಗಳು ಮನಿಗೆ ಬಂದ ಮ್ಯಾಲೆ ತಮ್ಮನ್ನ ಕುಂದ್ರಿಸಿ ಟೀಚರ್ ಆಟ ಆಡ್ತಾಳ, ಸ್ಕೇಲಿನಿಂದ ದಿಂಬಿಗೆ ಬಡೀತಾಳ. ಕಲಿಯೂದಂದ್ರ ಅಷ್ಟು ಆಸೆ. ಸಾಲಿ ಬಿಡಿಸಲೇನು?

ತಂಗಿ,

ನಿನ್ನ ಪತ್ರದ ಕೊನೆಯ ಸಾಲುಗಳ ಹತ್ತಿರ ನಾನು ನಿಂತುಬಿಟ್ಟೆ. ಮಗಳು ದಿಂಬಿಗೆ ಬಡಿಯುವುದನ್ನು ನೀನು ಕಲಿಯುವ ಆಸೆ ಅಂದುಕೊಂಡಿದ್ದೀ. ಮೂವತ್ತು ವರ್ಷ ಸಣ್ಣ ಮಕ್ಕಳ ನಡುವೆ ಕಳೆದ ನನಗೆ ಹಾಗೆ ಕಾಣಲಿಲ್ಲ. ಆ ವಯಸ್ಸಿನ ಮಕ್ಕಳು ಕಂಡದ್ದನ್ನೇ ಆಡುತ್ತಾರೆ. ಅವ್ವ ರೊಟ್ಟಿ ಬಡಿಯುವುದನ್ನು ಕಂಡವಳು ಮಣ್ಣಿನ ರೊಟ್ಟಿ ಬಡಿಯುತ್ತಾಳೆ. ದಿಂಬಿಗೆ ಬೀಳುವ ಆ ಏಟನ್ನು ಅವಳು ತಾನೇ ತಿಂದಿರಬಹುದು, ಪಕ್ಕದ ಹುಡುಗಿಗೆ ಬಿದ್ದದ್ದನ್ನು ನೋಡಿ ನಡುಗಿರಬಹುದು. ಮನೆಯಲ್ಲೇ ಕಲಿಸುವ ಮಾತು ಆಮೇಲೆ. ಮೊದಲು ಇದನ್ನು ತಿಳಿದುಕೊ.

‘ಯಾಕ ಅಳ್ತಿ, ಯಾರು ಬಡಿದ್ರು’ ಅಂತ ಎದುರಿಗೆ ನಿಲ್ಲಿಸಿ ಕೇಳಬೇಡ. ಏಳು ವರ್ಷದವಳು ಬಾಯಿ ಹೊಲಿದುಕೊಳ್ಳುತ್ತಾಳೆ, ಇಲ್ಲವೇ ನಿನಗೆ ಬೇಕಾದ ಉತ್ತರ ಹೇಳುತ್ತಾಳೆ. ಟೀಚರ್ ಆಟಕ್ಕೆ ನೀನೂ ಹೋಗಿ ತಮ್ಮನ ಪಕ್ಕ ಕೂತುಕೊ. ನೀನು ತಪ್ಪು ಬರೆ, ‘ಮಿಸ್, ಒಂದಕ್ಕ ಬಂದೈತಿ’ ಅನ್ನು, ಡಬ್ಬಿ ಬಿಚ್ಚಿ ಊಟಕ್ಕೆ ಕೂತಂತೆ ಮಾಡು. ಅವಳು ಏನಂತಾಳೆ, ಯಾರ ದನಿಯಲ್ಲಿ ಗದರಿಸುತ್ತಾಳೆ, ಕಿವಿಗೊಟ್ಟು ಕೇಳು. ತಲೆ ಬಾಚುವಾಗ ವ್ಯಾನಿನಲ್ಲಿ ಪಕ್ಕಕ್ಕೆ ಯಾರು ಕೂರುತ್ತಾರೆ ಅಂತ ಕೇಳು. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತದೆಯೇ ನೋಡು. ಹೊಲಸು ಪಾಯಿಖಾನೆಗೆ ಹೆದರಿ ದಿನವಿಡೀ ಗುಟುಕು ನೀರು ಕುಡಿಯದೆ ಕೂತ ಎಷ್ಟು ಹೆಣ್ಣುಮಕ್ಕಳನ್ನು ನೋಡಿದ್ದೇನೆ. ನೆನೆದರೆ ಈಗಲೂ ಹೊಟ್ಟೆ ಸಂಕಟವಾಗುತ್ತದೆ. ವಾಂತಿಗೆ ಒಮ್ಮೆ ಮಕ್ಕಳ ಡಾಕ್ಟರಿಗೂ ತೋರಿಸು.

ಏಟು ಬಿದ್ದದ್ದು ಖಾತ್ರಿಯಾದರೆ ಸುಮ್ಮನಿರಬೇಡ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಕಚೇರಿಗೆ ಬರೆದುಕೊಡು. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಇನ್ನು ಮನೆಯಲ್ಲೇ ಕಲಿಸುವ ವಿಚಾರ. ಅದು ಅಪರಾಧವಾದೀತೇ ಎಂದು ಹೆದರಬೇಡ. 2009ರ ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಅನ್ನುತ್ತದೆ, ಸೇರಿಸದವರಿಗೆ ಶಿಕ್ಷೆ ಅಂತ ಬರೆದಿಲ್ಲ. ಆದರೆ ಟಿಸಿ ತಂದು ಎಲ್ಲಿಯೂ ಸೇರಿಸದಿದ್ದರೆ ಅವಳು ಶಾಲೆಯಿಂದ ಹೊರಗುಳಿದ ಮಗು ಅನ್ನಿಸಿಕೊಳ್ಳುತ್ತಾಳೆ. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ, ಮಾಸ್ತರರು ಬಾಗಿಲಿಗೆ ಬಂದು ಕೇಳುತ್ತಾರೆ. ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ, ಅಂದರೆ ಎನ್‌ಐಒಎಸ್‌ನಿಂದ, 14 ತುಂಬಿದ ಮೇಲೆ ಹತ್ತನೇತ್ತ ಪರೀಕ್ಷೆ ಕಟ್ಟಬಹುದು. ದಾರಿ ಇದೆ.

ನನಗೆ ಚಿಂತೆ ನಿನ್ನ ಬಗ್ಗೆ. ನಿನ್ನ ಒಂದು ದಿನವನ್ನು ಹಾಳೆಯ ಮೇಲೆ ಬರೆದು ನೋಡು. ನೀರು, ರೊಟ್ಟಿ, ಮಿಲ್ಲಿನ ಬುತ್ತಿ, ಬಟ್ಟೆ, ಪಾತ್ರೆ, ಅತ್ತೆಯ ಗುಳಿಗೆ. ಉಳಿದ ತಾಸುಗಳೆಷ್ಟು? ಆ ವಿಡಿಯೊಗಳಲ್ಲಿ ಮುಸುರೆ ತಿಕ್ಕುವವರು ಕಾಣುವುದಿಲ್ಲ, ತಂಗಿ. ಅದಕ್ಕಿಂತ ಹೆದರಿಕೆಯ ಮಾತು ಇನ್ನೊಂದಿದೆ. ಗಂಡ ಒಲ್ಲೆ ಅಂದಿದ್ದಾನೆ, ಅತ್ತೆಯೂ ಒಲ್ಲೆ ಅಂದಿದ್ದಾರೆ. ಇಂಥ ಮನೆಯಲ್ಲಿ ಮಗಳು ಒಂದು ದಿನ ಮಗ್ಗಿ ತಪ್ಪಿದರೂ ಅದು ನಿನ್ನ ಸೋಲಾಗುತ್ತದೆ. ಬೀಗರು ಬಂದಾಗ ‘ಎಲ್ಲಿ, ಇಂಗ್ಲಿಷ್ ಓದು ನೋಡೂಣು’ ಅನ್ನುತ್ತಾರೆ. ನಿನ್ನ ಮಾನ ಉಳಿಸಲು ಆ ಮಗು ಓದಬೇಕಾಗುತ್ತದೆ. ಆಗ ಎಷ್ಟೇ ಒಳ್ಳೆಯ ತಾಯಿಯ ಕೈಗೂ ಸ್ಕೇಲು ಬರುತ್ತದೆ.

ಅದಕ್ಕೇ ಹೇಳುತ್ತೇನೆ, ಆ ಸಾಲಿ ಬಿಡಿಸು, ಸಾಲಿಯನ್ನೇ ಬಿಡಿಸಬೇಡ. ನಿಮ್ಮೂರ ಸರ್ಕಾರಿ ಶಾಲೆಯ ಒಳಗೆ ಎಂದಾದರೂ ಹೋಗಿದ್ದೀಯಾ? 1ರಿಂದ 3ನೇತ್ತವರೆಗೆ ಅಲ್ಲಿ ನಲಿ-ಕಲಿ ನಡೆಯುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಕೂಡಿ ಶುರು ಮಾಡಿದ ಪದ್ಧತಿ. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂತು, ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಮೆಟ್ಟಿಲು ಏರುತ್ತಾರೆ. ನೀನು ಮನೆಯಲ್ಲಿ ಮಾಡಬೇಕೆಂದಿರುವುದೂ ಹೆಚ್ಚುಕಡಿಮೆ ಇದೇ. ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಅಂತ ನಾನು ಹೇಳಲಾರೆ, ಅದೆಲ್ಲ ಕಲಿಸುವ ಅಕ್ಕೋರ ಮೇಲೆ ನಿಂತಿದೆ. ಒಂದು ಮುಂಜಾನೆ ಕೇಳಿಕೊಂಡು ಹೋಗಿ ಹಿಂದೆ ಕೂತು ನೋಡು. ಆ ಅಕ್ಕೋರು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರಾ? ತಪ್ಪು ಹೇಳಿದ ಹುಡುಗನ ಮುಖ ಹೇಗಿರುತ್ತದೆ? ಆ ಒಂದು ಮುಂಜಾನೆ ಸಾಕು. ಸರಿ ಕಂಡರೆ ನಡುವರ್ಷದಲ್ಲೂ ಸೇರಿಸಬಹುದು. ಟಿಸಿ ತಡವಾಯಿತು ಎಂಬ ಕಾರಣಕ್ಕೆ ಬೇಡ ಅನ್ನುವಂತಿಲ್ಲ, ಕಾಯ್ದೆಯ 5ನೇ ಸೆಕ್ಷನ್ ಅದನ್ನೇ ಹೇಳುತ್ತದೆ.

ಲೆಕ್ಕ ಬರೆಯುವ ನಿನ್ನ ಗಂಡನಿಗೆ ಒಂದು ಲೆಕ್ಕ ತೋರಿಸು. ಎಂಜಿನಿಯರಿಂಗ್‌ನಂಥ ಸೀಟು ಹಂಚುವ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದ್ದು ಶೇ 5. ಎರಡಕ್ಕೂ 1ರಿಂದ 10ರವರೆಗೆ ಪೂರ್ತಿ ಹಾಗೇ ಓದಿದ ಪ್ರಮಾಣಪತ್ರ ಬೇಕು. ಒಂದನೇತ್ತ ಪಟ್ಟಣದಲ್ಲಿ ಓದಿದ ಮಗಳಿಗೆ ಆ ಬಾಗಿಲು ಮುಚ್ಚಿದೆ. ಮಗನಿಗೆ ಇನ್ನೂ ತೆರೆದಿದೆ, ಮನೆಯಲ್ಲೇ ಕಲಿತರೆ ಅವನಿಗೂ ಮುಚ್ಚುತ್ತದೆ. ಈ ಮಾತನ್ನು ರಾತ್ರಿ ದಣಿದು ಉಣ್ಣಲು ಕೂತಾಗ ಎತ್ತಬೇಡ. ಅದಕ್ಕೂ ಮೊದಲು ಒಂದು ಮುಂಜಾನೆ ಮಗಳನ್ನು ವ್ಯಾನಿಗೆ ಹತ್ತಿಸುವ ಕೆಲಸ ಅವನೇ ಮಾಡಲಿ. ಅವಳ ಬೆರಳು ಅವನ ಅಂಗಿ ಹಿಡಿದು ಬಿಡದೇ ಹೋದಾಗ ಫೀ ನೆನಪಿಗೆ ಬರಲಿಕ್ಕಿಲ್ಲ.

ಮಗನ ಅವಸರ ಬೇಡ. ಒಂದನೇತ್ತಕ್ಕೆ ಇನ್ನೂ ಎರಡು ವರ್ಷ. ಅಂಗನವಾಡಿಗೆ ಹೋಗಿ ಬಂದು ಮಣ್ಣಿನಲ್ಲಿ ಆಡಲಿ.

ಮನೆಯಲ್ಲಿ ಕಲಿಸುವ ನಿನ್ನ ಆಸೆಯನ್ನು ನಾನು ಕಿತ್ತುಕೊಳ್ಳುತ್ತಿಲ್ಲ, ತಂಗಿ. ವ್ಯಾನಿನ ಓಡಾಟ ತಪ್ಪಿದರೆ ಸಂಜೆಯ ಎರಡು ತಾಸು ನಿನ್ನದಾಗುತ್ತದೆ. ಕಾಲುವೆಗೆ ನೀರು ಬಿಟ್ಟಾಗ ಗದ್ದೆಯ ಬದುವಿನ ಮೇಲೆ ನಿಲ್ಲಿಸಿ ನಾಟಿ ತೋರಿಸು, ಒಂದು ಚೀಲ ನೆಲ್ಲಿನಿಂದ ಎಷ್ಟು ಅಕ್ಕಿ ಬರುತ್ತದೆ ಅಂತ ಅಪ್ಪನ ಹತ್ತಿರ ಲೆಕ್ಕ ಹಾಕಿಸು. ರವಿವಾರ ಹಿರೇಬೆಣಕಲ್ ಗುಡ್ಡ ಹತ್ತಿಸಿ ಬೃಹತ್ ಶಿಲಾಯುಗದ ಆ ಕಲ್ಲಿನ ಮನೆಗಳನ್ನು ತೋರಿಸು. ಬಿಎಡ್ ಓದಿದ ನಿನಗೆ ಇದಕ್ಕಿಂತ ಒಳ್ಳೆಯ ಇತಿಹಾಸದ ತರಗತಿ ಎಲ್ಲಿ ಸಿಕ್ಕೀತು? ಒಗಟು ಹೇಳುವ ಕೆಲಸ ಅತ್ತೆಗೆ ಬಿಡು. ಮೊಮ್ಮಗಳು ತನ್ನ ಬಾಯಿಂದ ಕಲಿತದ್ದನ್ನು ಅವರೇ ಓಣಿ ತುಂಬ ಹೇಳಿಕೊಂಡು ಬರುತ್ತಾರೆ.

ಇದಕ್ಕೆಲ್ಲ ಒಂದೆರಡು ವಾರ ಹಿಡಿಯುತ್ತದೆ. ಗಂಡ ಹತ್ತಿಸುವ ಆ ಒಂದು ಮುಂಜಾನೆ ಮುಗಿದ ಮೇಲೆ, ಈ ವಾರ ಮಗಳು ಬರುವುದಿಲ್ಲ ಅಂತ ವ್ಯಾನಿನವನಿಗೆ ಹೇಳಿಬಿಡು.