ಫಾರ್ಮ್ 16 ಕೈಸೇರಿದರೆ ರಿಟರ್ನ್ಸ್ ಸಲ್ಲಿಸಬಹುದೇ?

ಪ್ರಶ್ನೆ: ನಾನು ಬೆಂಗಳೂರಿನ ಖಾಸಗಿ ಕಂಪನಿಯೊಂದರ ಉದ್ಯೋಗಿ. 2025ರ ಸೆಪ್ಟೆಂಬರ್‌ವರೆಗೆ ಹಳೆಯ ಕಂಪನಿಯಲ್ಲಿ ತಿಂಗಳಿಗೆ 90 ಸಾವಿರ ರೂಪಾಯಿ, ಅಕ್ಟೋಬರ್‌ನಿಂದ ಈಗಿನ ಕಂಪನಿಯಲ್ಲಿ 1.40 ಲಕ್ಷ ರೂಪಾಯಿ ಸಂಬಳ ಬಂದಿದೆ. ಹೊಸ ತೆರಿಗೆ ಪದ್ಧತಿಯಲ್ಲಿದ್ದೇನೆ. ಎರಡೂ ಕಡೆ ತೆರಿಗೆ ಕಡಿತವಾಗಿಲ್ಲ. ಠೇವಣಿಗೆ ಬಂದ 22 ಸಾವಿರ ರೂಪಾಯಿ ಬಡ್ಡಿಗೂ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಇಲ್ಲ. ಈಗಿನ ಕಂಪನಿಯ ಫಾರ್ಮ್ 16 (ಸಂಬಳ ಮತ್ತು ತೆರಿಗೆ ಕಡಿತದ ಪ್ರಮಾಣಪತ್ರ) ಬಂದಿದೆ, ಹಳೆಯದರದು ಬಂದಿಲ್ಲ. ಸಹೋದ್ಯೋಗಿಗಳೆಲ್ಲ ರಿಟರ್ನ್ಸ್ ಸಲ್ಲಿಸಿ ಮುಗಿಸಿದ್ದಾರೆ. ನಾನೂ ಸಲ್ಲಿಸಿಬಿಡಲೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ದಯವಿಟ್ಟು ಇವತ್ತೇ ಸಲ್ಲಿಸಬೇಡಿ. ವರ್ಷವಿಡೀ ನಿಮ್ಮ ಕೈಗೆ ಬಂದ ಪ್ರತಿಯೊಂದು ಮೊತ್ತವೂ ಎಲ್ಲಿಂದ ಬಂತು, ಅದಕ್ಕೆ ತೆರಿಗೆ ಕಟ್ಟಿ ಆಗಿದೆಯೇ ಎಂದು ನೀವೇ ಹೇಳಬಲ್ಲಿರಾದರೆ ಮಾತ್ರ ನೀವು ಸಿದ್ಧರಾಗಿದ್ದೀರಿ ಎಂದು ನಾನು ಒಪ್ಪುತ್ತೇನೆ. ಫಾರ್ಮ್ 16 ಒಂದು ಕಂಪನಿಯ ಲೆಕ್ಕವನ್ನಷ್ಟೇ ಹೇಳುತ್ತದೆ.

ಒಂದು ಹಾಳೆಯ ಮೇಲೆ ಬರೆದು ನೋಡಿ. ಮೊದಲ ಆರು ತಿಂಗಳ ಸಂಬಳ 5.40 ಲಕ್ಷ, ನಂತರದ್ದು 8.40 ಲಕ್ಷ, ಬಡ್ಡಿ 22 ಸಾವಿರ, ಒಟ್ಟು 14.02 ಲಕ್ಷ ರೂಪಾಯಿ. ಸಂಬಳದಾರರಿಗೆ ಸಿಗುವ 75 ಸಾವಿರ ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 13.27 ಲಕ್ಷ ಉಳಿಯುತ್ತದೆ. ಹಳೆಯ ಸಂಬಳದ ವಿವರವನ್ನು ಫಾರ್ಮ್ 12ಬಿ ಮೂಲಕ ನೀವು ತಿಳಿಸದಿದ್ದುದರಿಂದ ಈಗಿನ ಕಂಪನಿ ತಾನು ಕೊಟ್ಟ ಸಂಬಳವನ್ನಷ್ಟೇ ನೋಡಿ, ಅದು 12 ಲಕ್ಷದೊಳಗಿದೆಯೆಂದು ತೆರಿಗೆ ಕಡಿಯದೆ ಬಿಟ್ಟಿರಬೇಕು. ಆದರೆ ಒಟ್ಟು ಆದಾಯ ಆ ಮಿತಿಯನ್ನು ದಾಟಿರುವುದರಿಂದ 12 ಲಕ್ಷದವರೆಗಿನ ಆದಾಯಕ್ಕಿರುವ ತೆರಿಗೆ ರಿಯಾಯಿತಿ ನಿಮಗೆ ಸಿಗುವುದಿಲ್ಲ, ಸೆಸ್ ಸೇರಿ ಸುಮಾರು 82,210 ರೂಪಾಯಿ ತೆರಿಗೆ ಬರುತ್ತದೆ. ಮುಂಗಡ ತೆರಿಗೆ ಕಟ್ಟದಿದ್ದುದಕ್ಕೆ ಬಡ್ಡಿಯೂ ಸೇರುತ್ತದೆ; ಏಪ್ರಿಲ್‌ನಿಂದ ತಿಂಗಳಿಗೆ ಶೇ 1ರಂತೆ ಅದು ಬೆಳೆಯುತ್ತಲೇ ಇರುವುದರಿಂದ, ಕಾಗದಪತ್ರ ಹೊಂದಿಸುವುದು ತಡವಾದರೂ ತೆರಿಗೆಯನ್ನು ಮೊದಲೇ ಸ್ವಯಂ ನಿರ್ಧರಣೆ ತೆರಿಗೆಯಾಗಿ, ಅಂದರೆ ನೀವೇ ಲೆಕ್ಕ ಹಾಕಿ, ಕಟ್ಟಿಬಿಡಿ.

ಹಳೆಯ ಕಂಪನಿಯ ಫಾರ್ಮ್ 16ಕ್ಕಾಗಿ ಕಾದು ಕೂರಬೇಡಿ. ತೆರಿಗೆ ಕಡಿಯದ ಸಂಬಳಕ್ಕೆ ಅದನ್ನು ಕೊಡಲೇಬೇಕೆಂಬ ನಿಯಮವಿಲ್ಲ. ಆರು ಸಂಬಳ ಚೀಟಿಗಳನ್ನು ಬ್ಯಾಂಕ್ ಪಾಸ್‌ಬುಕ್‌ನ ಜಮೆಗಳ ಜೊತೆ ಹೋಲಿಸಿ ನೋಡಿದರೆ ಸಾಕು.

ಆಮೇಲೆ ಆದಾಯ ತೆರಿಗೆ ಜಾಲತಾಣದಲ್ಲಿ ವಾರ್ಷಿಕ ಮಾಹಿತಿ ವಿವರಣೆ, ಅಂದರೆ ಎಐಎಸ್ ತೆರೆಯಿರಿ. ಬ್ಯಾಂಕುಗಳೂ ಕಂಪನಿಗಳೂ ಮೇ 31ರ ಗಡುವಿನೊಳಗೆ ಸಲ್ಲಿಸುವ ಮಾಹಿತಿ ಅಲ್ಲಿ ಸೇರಲು ಕೆಲವು ದಿನ ಹಿಡಿಯುವುದರಿಂದ ಜೂನ್ ಮಧ್ಯದ ನಂತರ ನೋಡುವುದು ಒಳ್ಳೆಯದು. ಟಿಡಿಎಸ್ ಇಲ್ಲದ ಬಡ್ಡಿಯೂ ಅಲ್ಲಿ ಕಾಣಿಸಿಕೊಳ್ಳಬಹುದು. ಟಿಡಿಎಸ್ ಇಲ್ಲವೆಂದರೆ ತೆರಿಗೆಯೂ ಇಲ್ಲ ಎಂಬ ತಪ್ಪು ಕಲ್ಪನೆಯಿಂದ ಎಷ್ಟೋ ಜನ ನೋಟಿಸ್ ಹಿಡಿದು ಓಡಾಡುವುದನ್ನು ಕಂಡಿದ್ದೇನೆ, ನಿಜಕ್ಕೂ ಬೇಸರವಾಗುತ್ತದೆ. ಎಐಎಸ್‌ನ ಅಂಕಿ ತಪ್ಪಾಗಿದ್ದರೆ ಅಲ್ಲೇ ಪ್ರತಿಕ್ರಿಯೆ ದಾಖಲಿಸಿ. ನಿಮಗೆ ಬಂದ ಹಣ ಅಲ್ಲಿ ಕಾಣಿಸದಿದ್ದರೂ ರಿಟರ್ನ್ಸ್‌ನಲ್ಲಿ ತೋರಿಸಿ.

ನಿಮ್ಮ ಹಾಳೆ, ಪಾಸ್‌ಬುಕ್, ಎಐಎಸ್ ಮೂರೂ ತಾಳೆಯಾದ ದಿನ ಸಲ್ಲಿಸಿ. ಸಂಬಳದಾರರಿಗೆ ಗಡುವು ಜುಲೈ 31. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕ ದೃಢೀಕರಿಸದಿದ್ದರೆ ಗಡುವಿನೊಳಗೆ ಸಲ್ಲಿಸಿದ ರಿಟರ್ನ್ಸ್ ಕೂಡ ತಡವಾದದ್ದೆಂದು ಎಣಿಕೆಯಾಗುವ ಸಾಧ್ಯತೆ ಇರುವುದರಿಂದ, ಆ ಕೆಲಸವನ್ನು ಅದೇ ದಿನ ಮುಗಿಸಿಬಿಡಿ.