ದಕ್ಷಿಣ ಫ್ರಾನ್ಸಿನ ಕ್ಯಾಥರ್ ಕೋಟೆಗಳನ್ನು ಏಳು ದಿನಗಳಲ್ಲಿ ನೋಡಲು ಸೈಕಲ್ ಒಳ್ಳೆಯದೋ, ನಡಿಗೆಯೋ?

ಏಳು ದಿನ, ಹತ್ತು ಕೋಟೆ, ಪ್ರತಿ ರಾತ್ರಿಗೆ ಒಂದೊಂದು ಊರು, ಜೊತೆಗೆ ನಂದಿಬೆಟ್ಟವನ್ನು ಸೈಕಲ್ಲಿನಲ್ಲಿ ಹತ್ತಿದ ಧೈರ್ಯ. ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ, 2017ರ ಜೂನಿನಲ್ಲಿ ನಾನು ಬರೆದಿಟ್ಟುಕೊಂಡಿದ್ದ ಚೀಟಿ ನಿಮ್ಮ ಕೈಗೆ ಹೇಗೆ ಸಿಕ್ಕಿತು ಎಂದು ಅನುಮಾನವಾಯಿತು. ಆಗ ನಾನು ತುಲೂಜಿನಲ್ಲಿ ಕೆಲಸದಲ್ಲಿದ್ದೆ. ಕೈಯಲ್ಲಿದ್ದದ್ದು ಐದು ದಿನಗಳ ರಜೆ. ಕಾರ್ಕಸೋನಿನಿಂದ ಹೊರಟು ಕೋರ್ಬಿಯೇರ್ ಗುಡ್ಡಗಾಡನ್ನು ಹಾದು ಫ್ವಾ ಪಟ್ಟಣವನ್ನು ಮುಟ್ಟಿ, ಅಲ್ಲಿಂದ ರೈಲಿನಲ್ಲಿ ಮನೆಗೆ ಮರಳುವುದು ಎಂದುಕೊಂಡಿದ್ದೆ. ದಾರಿಯಲ್ಲಿ ತೆರ್ಮ್, ಕೆರಿಬ್ಯೂಸ್, ಪೇರ್‌ಪೆರ್ತ್ಯೂಸ್, ಪುಯ್ಲೊರಾನ್, ಮೋನ್‌ಸೆಗ್ಯೂರ್ ಎಂಬ ಐದು ಕೋಟೆಗಳಿದ್ದವು; ಮಧ್ಯಯುಗದಲ್ಲಿ ರೋಮಿನ ಚರ್ಚು ಧರ್ಮವಿರೋಧಿಗಳೆಂದು ದಮನ ಮಾಡಿದ ಕ್ಯಾಥರರೆಂಬ ಕ್ರೈಸ್ತ ಪಂಥದವರ ಹೆಸರಿನವು. ಅವುಗಳಲ್ಲಿ ನಾನು ಒಳಹೊಕ್ಕಿದ್ದು ಒಂದೇ ಒಂದನ್ನು.

ಮೊದಲ ದಿನ ಚೆನ್ನಾಗಿಯೇ ಕಳೆಯಿತು. ಕಾರ್ಕಸೋನಿನ 52 ಬುರುಜುಗಳಿಗೆ ಬೆನ್ನು ಹಾಕಿ, ಲಗ್ರಾಸ್ ಊರಿನ ಹಳೆಯ ಮಠದ ಎದುರು ಹೊಳೆಯ ದಂಡೆಯಲ್ಲಿ ಬ್ರೆಡ್ಡು ತಿಂದು, ಸಂಜೆಯ ಹೊತ್ತಿಗೆ ತೆರ್ಮ್ ಕೋಟೆಯನ್ನು ಹತ್ತಿ ಇಳಿದೆ. ಎರಡನೆಯ ದಿನ ಕ್ಯುಕ್ಯುನ್ಯಾನ್ ಎಂಬ ಗುಡ್ಡದ ಮೇಲಿನ ಹಳ್ಳಿಯನ್ನು ತಲುಪುವಷ್ಟರಲ್ಲಿ ಗಾಳಿ ಎದ್ದಿತು. ಅದನ್ನು ಅಲ್ಲಿಯವರು ತ್ರಾಮೋಂತಾನ್ ಎನ್ನುತ್ತಾರೆ. ವಾಯವ್ಯದಿಂದ ಬೀಸುವ ಈ ಒಣಗಾಳಿ ಒಮ್ಮೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಹಳ್ಳಿಯಿಂದ ಕೆರಿಬ್ಯೂಸ್ ಕೋಟೆಗೆ ದೂರ ಮೂರು ಕಿಲೋಮೀಟರಿನ ಆಸುಪಾಸು ಅಷ್ಟೇ, ಆದರೆ ಕೋಟೆಯಿರುವುದು 728 ಮೀಟರ್ ಎತ್ತರದ ಬಂಡೆಯ ತುದಿಯಲ್ಲಿ. ಅಂದರೆ ಹಳ್ಳಿಯಿಂದ ನಾನೂರು ಮೀಟರಿನಷ್ಟು ಏರು. ಕೊನೆಯ ತಿರುವಿನಲ್ಲಿ ಸೈಕಲ್ಲಿನಿಂದ ಇಳಿದು ತಳ್ಳತೊಡಗಿದಾಗ, ಗಾಳಿಯು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಪಕ್ಕಕ್ಕೆ ಇಟ್ಟಿತು. ಹಿಂದಿನ ಕ್ಯಾರಿಯರ್‌ಗೆ ಬಿಗಿದಿದ್ದ ಎರಡು ಚೀಲಗಳು ಹಾಯಿಯ ಹಾಗೆ ಉಬ್ಬಿಕೊಂಡಿದ್ದವು. ಮೇಲಿನ ಟಿಕೆಟ್ ಕೌಂಟರಿನಲ್ಲಿ, ಗಾಳಿಯ ಕಾರಣ ಪ್ರವೇಶವಿಲ್ಲವೆಂಬ ಕಾಗದವನ್ನು ಒಳಗಡೆಯಿಂದ ಗಾಜಿಗೆ ಅಂಟಿಸಿದ್ದರು. ಹೊರಗಡೆ ಅಂಟಿಸಿದ್ದರೆ ಅದು ಅಷ್ಟು ಹೊತ್ತಿಗೆ ಸಮುದ್ರ ಸೇರಿರುತ್ತಿತ್ತು.

ಇದು ದುರದೃಷ್ಟದ ಕಥೆ ಎಂದು ನೀವು ಭಾವಿಸಬಾರದು. ಗಾಳಿ ನನ್ನ ತಪ್ಪಲ್ಲ, ಆದರೆ ಐದೂ ರಾತ್ರಿಗಳಿಗೆ ಐದು ಊರುಗಳಲ್ಲಿ ಹಣ ವಾಪಸ್ಸು ಬಾರದ ಕೋಣೆಗಳನ್ನು ಮುಂಗಡವಾಗಿ ಬುಕ್ ಮಾಡಿಟ್ಟಿದ್ದು ನನ್ನದೇ ತಪ್ಪು. ಅದರ ಪರಿಣಾಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ತಪ್ಪು ನಕ್ಷೆಯನ್ನು ನೋಡುವಾಗ ತಪ್ಪೆಂದು ಕಾಣುವುದೇ ಇಲ್ಲ, ದೊಡ್ಡ ಅಚ್ಚುಕಟ್ಟುತನವೆಂದೇ ಕಾಣುತ್ತದೆ. ಮೂರನೆಯ ದಿನದ ಕೋಣೆ ಕಿಯಾನ್ ಪಟ್ಟಣದಲ್ಲಿತ್ತು, ಅರವತ್ತು ಕಿಲೋಮೀಟರಿಗೂ ಹೆಚ್ಚು ದೂರ, ಅದೂ ಪಶ್ಚಿಮಕ್ಕೆ, ಅಂದರೆ ನೇರವಾಗಿ ಗಾಳಿಯ ಬಾಯಿಗೆ. ಕ್ಯುಕ್ಯುನ್ಯಾನಿನಲ್ಲಿ ಒಂದು ದಿನ ಉಳಿದು ಗಾಳಿ ಇಳಿಯುವುದನ್ನು ಕಾಯೋಣವೆಂದರೆ ಕಿಯಾನಿನ ದುಡ್ಡು ಹೋಗುತ್ತದೆ; ಒಂದು ದಿನ ತಪ್ಪಿದರೆ ಮುಂದಿನ ಊರೂ ತಪ್ಪುತ್ತದೆ, ಆ ದುಡ್ಡೂ ಹೋಗುತ್ತದೆ. ಹೀಗೆ ಒಂದು ಕೋಣೆ ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಗಂಟು ಬಿದ್ದಿದ್ದರಿಂದ, ಕೋಟೆ ನೋಡಲು ಬಂದವನು ಕೋಣೆಯಿಂದ ಕೋಣೆಗೆ ಸಾಮಾನು ಸಾಗಿಸುವವನಾದೆ. ಕ್ಯುಕ್ಯುನ್ಯಾನಿನಲ್ಲಿ ನಾನು ತಂಗಿದ್ದ ಮನೆಯ ಒಡತಿ, ನಾಡಿದ್ದು ಗಾಳಿ ನಿಲ್ಲಬಹುದು, ಉಳಿಯಿರಿ ಎಂದು ಹೇಳಿದ್ದರು. ನಾನು ನಕ್ಕು ಮೊಬೈಲಿನಲ್ಲಿದ್ದ ಬುಕಿಂಗನ್ನು ತೋರಿಸಿದೆ.

ಮರುದಿನ ಪೇರ್‌ಪೆರ್ತ್ಯೂಸ್ ಕೋಟೆಯನ್ನು ರುಫಿಯಾಕ್ ಹಳ್ಳಿಯ ಕಡೆಯಿಂದ, ಕೆಳಗೆ ರಸ್ತೆಯಲ್ಲಿ ನಿಂತು ನೋಡಿದೆ. ಸುಣ್ಣಕಲ್ಲಿನ ಬಂಡೆ ಎಲ್ಲಿ ಮುಗಿಯುತ್ತದೆ, ಗೋಡೆ ಎಲ್ಲಿ ಆರಂಭವಾಗುತ್ತದೆ ಎಂಬುದು ಕೆಳಗಿನಿಂದ ತಿಳಿಯುವುದಿಲ್ಲ. ಹತ್ತಿ ಇಳಿಯಲು ಮೂರು ಗಂಟೆಯಾದರೂ ಬೇಕಿತ್ತು, ಆ ಮೂರು ಗಂಟೆ ನನ್ನಲ್ಲಿರಲಿಲ್ಲ. ಪುಯ್ಲೊರಾನನ್ನು ಸಂಜೆಯ ಬೆಳಕಿನಲ್ಲಿ ದೂರದಿಂದ ಕಂಡೆ. ಮೋನ್‌ಸೆಗ್ಯೂರಿನಲ್ಲಿ 1244ರ ಮಾರ್ಚ್ 16ರಂದು ಇನ್ನೂರಕ್ಕೂ ಹೆಚ್ಚು ಕ್ಯಾಥರರನ್ನು ಸುಟ್ಟರೆಂದು ಹೇಳುವ ಬಯಲಿನವರೆಗೆ ಹೋದೆ. ಅಲ್ಲಿಂದ ಮೇಲಕ್ಕೆ ಮೊಣಕಾಲು ಒಪ್ಪಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸೈಕಲ್ಲೋ, ನಡಿಗೆಯೋ ಎಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಹತ್ತು ಕೋಟೆ ಎಂದು ನಿರ್ಧರಿಸಿಬಿಟ್ಟ ಮೇಲೆ ಎರಡರಲ್ಲಿ ಯಾವುದಾದರೂ ಒಂದೇ; ಕಾರು ಬಾಡಿಗೆಗೆ ತೆಗೆದುಕೊಂಡರೂ ನಿಮಗೆ ಹತ್ತು ವಾಹನ ನಿಲ್ದಾಣಗಳ ಪರಿಚಯವಾಗುತ್ತದೆ, ಅಷ್ಟೇ. ನಂದಿಯ ಲೆಕ್ಕವನ್ನೂ ಇಲ್ಲಿಗೆ ತರಬೇಡಿ. ನಂದಿ ಹತ್ತುವವರು ಹೊರೆಯಿಲ್ಲದೆ ಹತ್ತುತ್ತಾರೆ, ಇಳಿದು ಒಂಬತ್ತು ಗಂಟೆಗೆಲ್ಲ ಇಡ್ಲಿಯ ಮುಂದೆ ಕೂತಿರುತ್ತಾರೆ. ಇಲ್ಲಿ ವಾರದ ಬಟ್ಟೆಬರೆಯನ್ನು ಹೇರಿಕೊಂಡು ದಿನಕ್ಕೆ ಎರಡು ನಂದಿ ಹತ್ತಬೇಕು, ಮಧ್ಯಾಹ್ನ ಹನ್ನೆರಡರ ಮೇಲೆ ಹಳ್ಳಿಯ ಅಂಗಡಿ ಬಾಗಿಲು ಹಾಕಿದರೆ ಗುಟುಕು ತಂಪು ಪಾನೀಯವೂ ಹುಟ್ಟುವುದಿಲ್ಲ.

2019ರ ಅಕ್ಟೋಬರಿನಲ್ಲಿ ಮತ್ತೆ ಹೋದಾಗ ನಾನು ಮಾಡಿದ್ದು ಇಷ್ಟೇ. ಪರ್ಪಿಂಯಾನಿನಿಂದ ಬಸ್ಸಿನಲ್ಲಿ ಮೋರಿ ಎಂಬ ದ್ರಾಕ್ಷಿತೋಟಗಳ ಊರಿಗೆ ಬಂದು, ಅಲ್ಲಿಂದ 432 ಮೀಟರ್ ಎತ್ತರದ ಗ್ರೋ ದ ಮೋರಿ ಘಾಟಿಯನ್ನು ಕಾಲ್ನಡಿಗೆಯಲ್ಲಿ ದಾಟಿ, ಕ್ಯುಕ್ಯುನ್ಯಾನಿನ ಅದೇ ಮನೆಯಲ್ಲಿ ನಾಲ್ಕು ರಾತ್ರಿ ಉಳಿದೆ. ಎರಡೇ ಕೋಟೆ. ಮೊದಲ ದಿನ ಮತ್ತೆ ಗಾಳಿ ಇತ್ತು. ಆದರೆ ಈ ಸಲ ನನ್ನನ್ನು ಯಾವ ಕೋಣೆಯೂ ಕಾಯುತ್ತಿರಲಿಲ್ಲವಾದ್ದರಿಂದ, ಹಳ್ಳಿಯ ತುದಿಯಲ್ಲಿರುವ ಗಾಳಿಗಿರಣಿಗೆ ಹೋಗಿ, ಅಲ್ಲಿ ಹಳೆಯ ಗೋಧಿ ತಳಿಗಳ ಹಿಟ್ಟಿನಿಂದ ಮಾಡುವ ಬ್ರೆಡ್ಡನ್ನು ಕೊಂಡು, ಇನ್ನೂ ಬಿಸಿಯಿದ್ದ ಆ ಉಂಡೆಯನ್ನು ಜಾಕೀಟಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಕೋಣೆಗೆ ಬಂದೆ.

ಮರುದಿನ ಗಾಳಿ ಇಳಿಯಿತು. ಕೆರಿಬ್ಯೂಸಿನ ಬುರುಜಿನೊಳಗೆ ಒಂದು ಎತ್ತರದ ಕೋಣೆಯಿದೆ. ನಡುವೆ ಒಂದೇ ಕಂಬ. ಅದರ ತಲೆಯಿಂದ ಕಮಾನುಗಳು ತಾಳೆಗರಿಗಳಂತೆ ನಾಲ್ಕೂ ಕಡೆ ಚಾಚಿ ಇಡೀ ಚಾವಣಿಯನ್ನು ಹೊತ್ತಿವೆ. ಹೊರಗೆ ಬಂದರೆ ಒಂದು ಕಡೆ ಕಾನಿಗೂ ಶಿಖರ, ಇನ್ನೊಂದು ಕಡೆ ಮೆಡಿಟರೇನಿಯನ್ ಸಮುದ್ರದ ಗೆರೆ. ಈ ಕೋಟೆ 1255ರಲ್ಲಿ ಫ್ರಾನ್ಸಿನ ರಾಜನ ಕೈಸೇರಿತು. ಅದಕ್ಕೆ ಕಾರಣನಾದ ಒಲಿವಿಯೇ ದ ತೆರ್ಮ್ ಎಂಬವನ ತಂದೆಯೇ 1210ರ ಮುತ್ತಿಗೆಯಲ್ಲಿ, ನಾನು ಹಿಂದಿನ ಸಲ ಅವಸರದಲ್ಲಿ ಹತ್ತಿ ಇಳಿದಿದ್ದ ಆ ತೆರ್ಮ್ ಕೋಟೆಯನ್ನು ಕಳೆದುಕೊಂಡಿದ್ದು. ಅಂದು ಅಲ್ಲಿ ಫೋಟೋ ಹೊಡೆಯಲು ಹತ್ತು ನಿಮಿಷ ನಿಂತಿದ್ದವನಿಗೆ ಇದರ ಸುಳಿವೂ ಇರಲಿಲ್ಲ.

ಮೂರನೆಯ ದಿನ ದ್ಯುಯಾಕ್ ಹಳ್ಳಿಯವರೆಗೆ ನಡೆದು ಪೇರ್‌ಪೆರ್ತ್ಯೂಸನ್ನು ಹತ್ತಿದೆ. ಒಂಬತ್ತನೆಯ ಲೂಯಿ ರಾಜನ ಕಾಲದಲ್ಲಿ ಬಂಡೆಯಲ್ಲೇ ಕೆತ್ತಿದ ಮೆಟ್ಟಿಲುಗಳು ಕೆಳಗಿನ ಕೋಟೆಯಿಂದ ಮೇಲಿನ ಕೋಟೆಗೆ ಹೋಗುತ್ತವೆ. ಪ್ರಪಾತದ ಅಂಚಿನಲ್ಲಿರುವ ಅವು ಶತಮಾನಗಳ ಕಾಲ್ತುಳಿತಕ್ಕೆ ನಮ್ಮ ದೇವಸ್ಥಾನದ ಹೊಸ್ತಿಲಿನ ಹಾಗೆ ನುಣುಪಾಗಿವೆ. ನೀವು ಒಯ್ಯಬೇಕೆಂದಿರುವ, ಅಡಿಯಲ್ಲಿ ಪೆಡಲಿಗೆ ಸಿಕ್ಕಿಸುವ ಲೋಹದ ಕ್ಲೀಟ್ ಇರುವ ಸೈಕಲ್ ಬೂಟುಗಳಲ್ಲಿ ಅಲ್ಲಿ ಎರಡು ಹೆಜ್ಜೆಯೂ ಇಡಲಾರಿರಿ. ಇನ್ನೊಂದು ಮಾತು: ಇಂದು ನಾವು ಕ್ಯಾಥರ್ ಕೋಟೆಗಳೆಂದು ಕರೆಯುವ ಈ ಗೋಡೆಗಳಲ್ಲಿ ಬಹುಪಾಲು, ಕ್ಯಾಥರರು ಸೋತ ಮೇಲೆ ಫ್ರಾನ್ಸಿನ ದೊರೆಗಳು ದಕ್ಷಿಣದ ಅರಗಾನ್ ರಾಜ್ಯದ ಗಡಿಯನ್ನು ಕಾಯಲು ಕಟ್ಟಿಸಿದವು. 1659ರಲ್ಲಿ ಗಡಿ ದಕ್ಷಿಣಕ್ಕೆ ಸರಿದಾಗ ಅವುಗಳ ಕೆಲಸ ಮುಗಿಯಿತು. ಹತ್ತನ್ನು ನೋಡಿ ಈ ವಿಷಯ ತಿಳಿಯದೆ ಬರುವವರನ್ನು ನಾನು ಬಲ್ಲೆ, ಮೊದಲ ಸಲ ನಾನೂ ಅವರಲ್ಲೊಬ್ಬ.

ಉದ್ದಕ್ಕೂ ನಡೆಯಲೇಬೇಕೆಂಬ ಹಟವಿದ್ದರೆ ಪೋರ್ ಲ ನುವೆಲ್ ಎಂಬ ಕಡಲೂರಿನಿಂದ ಫ್ವಾದವರೆಗೆ ಸಾಂತಿಯೇ ಕ್ಯಾಥರ್ ಎಂಬ ಕಾಲುದಾರಿಯಿದೆ, ಸುಮಾರು 250 ಕಿಲೋಮೀಟರ್, ಹನ್ನೆರಡು ದಿನಗಳ ನಡಿಗೆ. ನಿಮ್ಮ ಏಳು ದಿನಕ್ಕೆ ಅದು ಒಗ್ಗುವುದಿಲ್ಲ. ಜುಲೈ ತಿಂಗಳೇ ಆಗಬೇಕೆಂದು ಬರೆದಿದ್ದೀರಿ. ಸಾಧ್ಯವಿದ್ದರೆ ಅದನ್ನೂ ಬದಲಿಸಿ. ಆ ಕುರುಚಲು ಕಾಡಿನಲ್ಲಿ ನೆರಳಿಲ್ಲ, ಬೆಂಕಿಯ ಭಯವಿದ್ದಾಗ ಕಾಲುದಾರಿಗಳನ್ನೇ ಮುಚ್ಚುತ್ತಾರೆ. 2025ರ ಆಗಸ್ಟಿನಲ್ಲಿ ಇದೇ ಕೋರ್ಬಿಯೇರಿನಲ್ಲಿ ಸುಮಾರು 16,000 ಹೆಕ್ಟೇರ್ ಪ್ರದೇಶ ಕಾಳ್ಗಿಚ್ಚಿಗೆ ಸಿಕ್ಕಿತು.

ಕಿಯಾನಿನಲ್ಲಿ ಈಗಾಗಲೇ ಒಂದು ಕೋಣೆ ಬುಕ್ ಮಾಡಿದ್ದೇನೆ, ಉಳಿದವುಗಳನ್ನು ಈ ವಾರ ಮಾಡುತ್ತೇನೆ ಎಂದಿದ್ದೀರಲ್ಲ, ಆ ಉಳಿದವುಗಳನ್ನು ಮಾಡಬೇಡಿ. ಕಿಯಾನಿನದನ್ನು ಇವತ್ತೇ ರದ್ದು ಮಾಡಲು ಬರುತ್ತದೆಯೇ ನೋಡಿ. ಬಾರದಿದ್ದರೆ ಆ ದುಡ್ಡನ್ನು ಮರೆತು, ಕ್ಯುಕ್ಯುನ್ಯಾನಿನಲ್ಲೋ ದ್ಯುಯಾಕಿನಲ್ಲೋ ನಾಲ್ಕು ರಾತ್ರಿಗೆ ಒಂದೇ ಕೋಣೆ ಕೇಳಿ, ಗಾಳಿ ಬೀಸಿದರೆ ಐದನೆಯ ರಾತ್ರಿಯೂ ಸಿಗುವುದೇ ಎಂದು ಮೊದಲೇ ವಿಚಾರಿಸಿಕೊಳ್ಳಿ.