ಪಿ.ಟಿ. ಮೇಷ್ಟ್ರ ಪುಟ: ಪಂದ್ಯದ ದಿನದ ಹೆಜ್ಜೆ ಲೆಕ್ಕ

(ಮಂಡ್ಯ, ಮೈಸೂರಿನ ಕಾಲೇಜುಗಳಲ್ಲಿ 31 ವರ್ಷ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದು ನಿವೃತ್ತರಾದ ಮೇಷ್ಟ್ರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನನಗೀಗ 51. ಮಗಳು ಇಲ್ಲೇ ಮೈಸೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾಳೆ, ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್. ಅವಳ ತಂಡ ಎಲ್ಲಿಗೆ ಹೋದರೂ ನಾನೂ ನನ್ನ ಅಕ್ಕನೂ ಹಿಂದೆಯೇ ಹೊರಡುತ್ತೇವೆ. ಮಂಡ್ಯ, ಹಾಸನ, ಚಾಮರಾಜನಗರ ಆಯಿತು, ಬೆಂಗಳೂರಿಗೂ ಒಮ್ಮೆ ಹೋಗಿಬಂದೆವು. ಹೋದ ವರ್ಷ ನನಗೆ ಬಿ.ಪಿ. ಇದೆ ಎಂದು ಗೊತ್ತಾಯಿತು. ದಿನಾ ನಡೆಯಿರಿ ಅಂದರು ಡಾಕ್ಟರು. ಮಗ ಹೆಜ್ಜೆ ಎಣಿಸುವ ವಾಚು ತಂದುಕೊಟ್ಟ. ಊರಲ್ಲಿದ್ದರೆ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ 50 ನಿಮಿಷ ನಡೆಯುತ್ತೇನೆ, ವಾರಕ್ಕೆ ನಾಲ್ಕು ದಿನವಂತೂ ತಪ್ಪಿಸುವುದಿಲ್ಲ. ಪಂದ್ಯದ ದಿನ ಮಾತ್ರ 3,000 ಹೆಜ್ಜೆ ದಾಟುವುದಿಲ್ಲ. ಹತ್ತು ಸಾವಿರ ಆಗಲಿಲ್ಲವಲ್ಲ ಎಂದು ರಾತ್ರಿ ಹನ್ನೊಂದರವರೆಗೂ ಹಾಲ್‌ನಲ್ಲೇ ಓಡಾಡುತ್ತೇನೆ. ಇನ್ನೊಂದು ವಿಷಯ. ಮಂಡ್ಯದ ಪಂದ್ಯದಲ್ಲಿ ಕೂತಲ್ಲೇ ನನ್ನ ಎದೆಬಡಿತ 118ಕ್ಕೆ ಏರಿತ್ತು, ವಾಚು ಅದನ್ನು 35 ನಿಮಿಷದ ವ್ಯಾಯಾಮ ಎಂದು ಬರೆದುಕೊಂಡಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯಲೇ? ನಮ್ಮ ಮನೆಯವರು “ಊರೂರು ಅಲೆಯೋದು ಬಿಟ್ಟು ಆರೋಗ್ಯ ನೋಡ್ಕೋ” ಅನ್ನುತ್ತಾರೆ. ನನಗೆ ಎರಡೂ ಬೇಕು.
ಒಬ್ಬ ತಾಯಿ, ಕುವೆಂಪುನಗರ

ಉತ್ತರ: ತಾಯಿ, ಎರಡೂ ಸಿಗುತ್ತವೆ. ಮೊದಲು ವಾಚಿನ ವಿಷಯ ಮುಗಿಸಿಬಿಡೋಣ. ಆ 35 ನಿಮಿಷವನ್ನು ಹೊಡೆದುಹಾಕಿ, ಅದು ವ್ಯಾಯಾಮ ಅಲ್ಲ. ವಾಚಿನ ತಳದಲ್ಲಿ ಹಸಿರು ಬೆಳಕು ಮಿನುಗುತ್ತದಲ್ಲ, ಅದು ಚರ್ಮದ ಕೆಳಗೆ ರಕ್ತ ಹರಿಯುವುದನ್ನು ನೋಡಿ ಬಡಿತ ಎಣಿಸುತ್ತದೆ. ಬಡಿತ ಏಕೆ ಏರಿತು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. 220ರಲ್ಲಿ ವಯಸ್ಸು ಕಳೆದರೆ ಬರುವುದು ಹೃದಯದ ಗರಿಷ್ಠ ಬಡಿತದ ಸ್ಥೂಲ ಅಂದಾಜು. ನಿಮಗದು 169. ಅದರಲ್ಲಿ 118 ಎಂದರೆ ನೂರಕ್ಕೆ ಎಪ್ಪತ್ತರಷ್ಟು, ಬಿರುಸಾಗಿ ನಡೆದಾಗ ಬರುವ ಬಡಿತ. ಹಾಗಾಗಿ ವಾಚು ನಿಮ್ಮನ್ನು ನಡೆಯುತ್ತಿದ್ದೀರಿ ಎಂದುಕೊಂಡಿತು. ನಡೆಯುವಾಗ ಕಾಲಿನ ಸ್ನಾಯು ಆಮ್ಲಜನಕ ಕೇಳುತ್ತದೆ, ಹೃದಯ ಕೊಡುತ್ತದೆ. ಎದುರಾಳಿಯ ಫೌಲಿಗೆ ಸಿಕ್ಕ ಫ್ರೀ ಥ್ರೋ ಎಸೆಯಲು ಮಗಳು ಗೆರೆಯ ಹಿಂದೆ ನಿಂತಾಗ ನಿಮ್ಮ ಕಾಲು ಏನೂ ಕೇಳುತ್ತಿಲ್ಲ. ಅಡ್ರಿನಲಿನ್ ಏರಿ ಎದೆ ಹೊಡೆದುಕೊಳ್ಳುತ್ತಿದೆ, ಬಿ.ಪಿ.ಯೂ ಜೊತೆಗೇ ಏರುತ್ತಿದೆ.

ಇದನ್ನು ಸ್ವಲ್ಪ ಬಿಗಿಯಾಗಿಯೇ ಹೇಳುತ್ತೇನೆ. 2006ರ ಫುಟ್‌ಬಾಲ್ ವಿಶ್ವಕಪ್ ವೇಳೆ ಮ್ಯೂನಿಕ್ ಸುತ್ತಮುತ್ತ ವೈದ್ಯರು ಲೆಕ್ಕವಿಟ್ಟಿದ್ದರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತೊಂದರೆಯ ತುರ್ತು ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟು ಬಂದವು. ಮೊದಲೇ ಹೃದಯದ ಕಾಯಿಲೆ ಇದ್ದವರಲ್ಲಿ ಇನ್ನೂ ಹೆಚ್ಚು. ಆಟ ನೋಡಬೇಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಪಂದ್ಯದ ದಿನ ಬಿ.ಪಿ. ಮಾತ್ರೆ ತಪ್ಪಬಾರದು ಎಂದು ಹೇಳಲು ಬರೆಯುತ್ತಿದ್ದೇನೆ. ನಮ್ಮ ಹೆಣ್ಣುಮಕ್ಕಳು ಪ್ರಯಾಣದ ದಿನ ಏನು ಮಾಡುತ್ತಾರೆಂದು ನನಗೆ ಗೊತ್ತು. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಎಂದು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಮೂತ್ರ ಹೆಚ್ಚು ಹೋಗುವ ಮಾತ್ರೆಯಾಗಿದ್ದರೆ ಅದನ್ನೂ ಬಿಡುತ್ತಾರೆ. ನಿಮ್ಮದು ಅಂಥ ಮಾತ್ರೆಯಾದರೆ ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನೇ ಕೇಳಿ, ನೀವಾಗಿ ಬಿಡಬೇಡಿ. ಬಸ್ಸಿಗಿಂತ ರೈಲು ಹತ್ತಿ ಎಂದು ನಾನು ಹಟ ಹಿಡಿಯುವುದಕ್ಕೂ ಇದೇ ಕಾರಣ. ಬೋಗಿಯಲ್ಲಿ ಶೌಚಾಲಯ ಇರುತ್ತದೆ, ನಡುವೆ ಎದ್ದು ನಿಲ್ಲಬಹುದು, ನೆಮ್ಮದಿಯಾಗಿ ನೀರು ಕುಡಿಯಬಹುದು. ಪಂದ್ಯದ ನಡುವೆ ಎದೆ ಬಿಗಿದರೆ, ಎಡತೋಳಿಗೋ ದವಡೆಗೋ ನೋವು ಹರಿದರೆ, ತಣ್ಣನೆ ಬೆವರಿದರೆ ಪಂದ್ಯ ಮುಗಿಯಲಿ ಎಂದು ಕಾಯಬೇಡಿ. ಪಕ್ಕದಲ್ಲಿರುವ ಅಕ್ಕನಿಗೆ ಹೇಳಿ, 108ಕ್ಕೆ ಫೋನ್ ಮಾಡಿಸಿ.

ಕೊನೆಯ ಎರಡು ನಿಮಿಷವೇ ಕಷ್ಟದ್ದು. ಪಂದ್ಯದ ಕೊನೆಯ ಭಾಗವಾದ ನಾಲ್ಕನೇ ಕ್ವಾರ್ಟರ್‌ನ ಆ ಎರಡು ನಿಮಿಷದಲ್ಲಿ ಬುಟ್ಟಿಗೆ ಚೆಂಡು ಬಿದ್ದಾಗಲೆಲ್ಲ ಗಡಿಯಾರ ನಿಲ್ಲಿಸುತ್ತಾರೆ, ಮೇಲೆ ಫೌಲು, ಟೈಮ್‌ಔಟು. ಎರಡು ನಿಮಿಷದ ಆಟ ಹತ್ತು ನಿಮಿಷ ಹಿಡಿಯುವುದುಂಟು. ಆಗ ಎದ್ದು ನಿಂತುಕೊಳ್ಳಿ, ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ. ಆಡುವ ಹುಡುಗಿಯರಿಗೂ ಫ್ರೀ ಥ್ರೋಗೆ ಮುಂಚೆ ನಾನು ಹೇಳಿಕೊಡುತ್ತಿದ್ದದ್ದು ಅದನ್ನೇ.

ಇನ್ನು ಹತ್ತು ಸಾವಿರದ ಲೆಕ್ಕ. ಈ ಸಂಖ್ಯೆ ಯಾವ ವೈದ್ಯರೂ ಅಳೆದು ಕೊಟ್ಟದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಉಪಕರಣ ಮಾರಾಟಕ್ಕೆ ಬಂತು. ಅದರ ಹೆಸರು ‘ಮಾನ್‌ಪೊ-ಕೇ’, ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದರ್ಥ. ಸಂಖ್ಯೆ ಅಲ್ಲಿಂದ ಹಬ್ಬಿತು. 2019ರಲ್ಲಿ ಅಮೆರಿಕದಲ್ಲಿ ಸುಮಾರು 16,700 ಹಿರಿಯ ಮಹಿಳೆಯರ ಹೆಜ್ಜೆ ಅಳೆದು ನೋಡಿದರು. ದಿನಕ್ಕೆ 2,700 ಹೆಜ್ಜೆ ಇಟ್ಟವರಿಗಿಂತ 4,400 ಇಟ್ಟವರಲ್ಲಿ ಸಾವು ಸಾಕಷ್ಟು ಕಡಿಮೆಯಿತ್ತು. 7,500ರ ಮೇಲೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಅವರು ನಿಮಗಿಂತ ದೊಡ್ಡವರು, ಆದರೂ ವಾಚಿನಲ್ಲಿ ಬರೆದ ಸಂಖ್ಯೆಯನ್ನು ದೇವರೆಂದು ತಿಳಿಯಬೇಕಿಲ್ಲ ಎಂಬುದಕ್ಕೆ ಇಷ್ಟು ಸಾಕು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ. ನಿಮ್ಮ ನಾಲ್ಕು ದಿನದ 50 ನಿಮಿಷ ಸೇರಿದರೆ 200. ಪಂದ್ಯ ಶುರುವಾಗುವ ಮುಂಚೆಯೇ ನೀವು ಮುಂದಿದ್ದೀರಿ. ರಾತ್ರಿ ಹನ್ನೊಂದರವರೆಗೆ ಹಾಲ್‌ನಲ್ಲಿ ತಿರುಗುವುದನ್ನು ಇವತ್ತೇ ನಿಲ್ಲಿಸಿ, ಅದು ನಿಮ್ಮ ನಿದ್ದೆಯನ್ನು ತಿನ್ನುತ್ತಿದೆ.

ನಿದ್ದೆಯ ಮಾತನ್ನು ಇಷ್ಟು ಜೋರಾಗಿ ಹೇಳಲು ನನ್ನದೇ ಒಂದು ಕಾರಣವಿದೆ. ತಂಡದ ಜೊತೆ ನಾನು ಬಸ್ಸಿನಲ್ಲಿ ಊರೂರು ಸುತ್ತಿದವನು. ಹುಡುಗರು ನಲವತ್ತು ನಿಮಿಷ ಓಡಿ ಬೆವರಿ ಬಂದು ತಿನ್ನುತ್ತಿದ್ದರು, ಬೆಂಚಿನಲ್ಲಿ ಕೂತಿದ್ದ ನಾನೂ ಅವರಷ್ಟೇ ತಿನ್ನುತ್ತಿದ್ದೆ. 54ನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. ಆವತ್ತಿನಿಂದ 200 ಪುಟದ ಲಾಂಗ್ ನೋಟ್‌ಬುಕ್ ಇಟ್ಟೆ. ತಾರೀಖು, ಊರು, ಹೋದದ್ದು ಹೇಗೆ, ನಡೆದದ್ದು ಎಷ್ಟು ನಿಮಿಷ, ತಿಂದದ್ದೇನು, ಮಲಗಿದ್ದು ಎದ್ದದ್ದು ಎಷ್ಟು ಹೊತ್ತಿಗೆ, ಬೆಳಗಿನ ಸಕ್ಕರೆ ಎಷ್ಟು. ತಂಡದ ಫಲಿತಾಂಶವೂ ಅದೇ ಸಾಲಿನಲ್ಲಿ. ಒಂದು ವರ್ಷ ಆದಮೇಲೆ ಕೂತು ಓದಿದೆ. ಟೂರ್ನಮೆಂಟ್ ವಾರಗಳಲ್ಲಿ ಸಕ್ಕರೆ ಏರಿತ್ತು, ಅದು ನಿರೀಕ್ಷೆ ಇದ್ದದ್ದೇ. ಆದರೆ ನಡಿಗೆ ತಪ್ಪಿದರೂ ಮನೆ ಬುತ್ತಿ ಉಂಡು ಹತ್ತಕ್ಕೆ ಮಲಗಿದ ಪಂದ್ಯದ ದಿನಗಳಲ್ಲಿ ಸಕ್ಕರೆ ಅಲುಗಾಡಿರಲಿಲ್ಲ. ಏರಿದ್ದು ಬಸ್ ನಿಲ್ದಾಣದ ಪೂರಿ, ಎರಡು ಸಲ ಕಾಫಿ, ಒಂದು ಗಂಟೆಗೆ ಮನೆ ಸೇರಿದ ರಾತ್ರಿಗಳ ಮರುದಿನ. ನಡಿಗೆ ತಪ್ಪಿತೆಂದು ನಾನು ವರ್ಷವಿಡೀ ಕೊರಗಿದ್ದೆ, ತಪ್ಪು ಬೇರೆ ಕಡೆ ಇತ್ತು. ನೀವೂ ಹಾಗೇ ಬರೆದಿಡಿ, ಸಕ್ಕರೆಯ ಜಾಗದಲ್ಲಿ ಬಿ.ಪಿ. ಬರೆಯಿರಿ. ಪಂದ್ಯದ ಸ್ಕೋರ್‌ಶೀಟಿನಲ್ಲಿ ಬುಟ್ಟಿಗೆ ಬಿದ್ದದ್ದನ್ನಷ್ಟೇ ಅಲ್ಲ, ಫೌಲನ್ನೂ ಗುರುತು ಹಾಕುತ್ತಾರೆ. ವಾಚಿನಲ್ಲಿ ಆ ಎರಡನೆಯ ಕಾಲಂ ಇಲ್ಲ.

ಪಂದ್ಯದ ದಿನವೂ ಕಾಲಾಡಿಸಬೇಕು ಅನ್ನಿಸಿದರೆ ಸುಲಭದ ದಾರಿಯಿದೆ. ನಿಲ್ದಾಣದಿಂದ ಮೈದಾನಕ್ಕೆ ದೂರ ಹೆಚ್ಚಿಲ್ಲದಿದ್ದರೆ ಆಟೋ ಹತ್ತಬೇಡಿ. ಬ್ಯಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ಗೆರೆಯಿಂದ ಎರಡು ಮೀಟರ್ ಆಚೆ ಸುತ್ತು ಹಾಕಿದರೆ ಒಂದು ಸುತ್ತಿಗೆ ನೂರು ಮೀಟರ್ ಚಿಲ್ಲರೆ, ಹತ್ತು ಸುತ್ತಿಗೆ ಒಂದು ಕಿಲೋಮೀಟರ್. ಪಂದ್ಯಕ್ಕೆ ಮುಂಚೆ ಅಂಕಣ ಖಾಲಿ ಇದ್ದಾಗ ಅಕ್ಕತಂಗಿಯರಿಬ್ಬರೂ ಮಾತಾಡಿಕೊಂಡು ಹತ್ತು ಸುತ್ತು ಹಾಕಿ. ಅರ್ಧ ವಿರಾಮದ 15 ನಿಮಿಷದಲ್ಲಿ ತಂಡಗಳು ಅಲ್ಲೇ ಬೆಚ್ಚಗಾಗುತ್ತಿರುತ್ತವೆ, ಆಗ ಮೈದಾನದ ಹೊರಗೆ ನಡೆಯಿರಿ. ಬುತ್ತಿಗೆ ಚಪಾತಿಯೋ ಮೊಸರನ್ನವೋ ಇರಲಿ, ಬಿ.ಪಿ. ಇರುವುದರಿಂದ ಉಪ್ಪಿನಕಾಯಿ ಬೇಡ. ಬೆಂಗಳೂರಿಗೆ ಹೋಗುವಾಗ ಮದ್ದೂರು ವಡೆ ಬೋಗಿಯೊಳಗೇ ಬರುತ್ತದೆ, ಇಬ್ಬರ ನಡುವೆ ಒಂದು ತೆಗೆದುಕೊಳ್ಳಿ.

ನಿಮ್ಮ ಪಟ್ಟಿಯಲ್ಲಿ ಕಾಣದೆ ಇರುವುದು ಒಂದೇ, ಸ್ನಾಯು ಗಟ್ಟಿ ಮಾಡುವ ಕೆಲಸ. ಅದು ವಾರಕ್ಕೆ ಎರಡು ದಿನ ಬೇಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈಕೊಟ್ಟು ದಂಡ ಹತ್ತು ಸಲ, ಹೀಗೆ ಮೂರು ಸುತ್ತು. ಅದು ರೂಢಿಯಾದ ಮೇಲೆ, ಡಾಕ್ಟರು ಸರಿ ಎಂದರೆ, ತಿಂಗಳಿಗೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ. ನಂದಿಯವರೆಗೆ ಸಾಕು, ಮೇಲಿನವರೆಗೆ ಆದರೆ ಇನ್ನೂ ಸಂತೋಷ. ಇಳಿಯುವುದು ಮಾತ್ರ ಬಸ್ಸಿನಲ್ಲಿ. ಐವತ್ತು ದಾಟಿದ ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಭಾರ.

ಯಜಮಾನರಿಗೆ ಈ ಪುಟ ಓದಿಸಿ. ಅವರನ್ನೂ ಒಂದು ಪಂದ್ಯಕ್ಕೆ ಕರೆದುಕೊಂಡು ಹೋಗಿ, ಮಗಳು ಚೆಂಡು ಪುಟಿಸುತ್ತ ಓಡುವುದನ್ನು ಅವರು ಒಮ್ಮೆ ನೋಡಬೇಕು.

ಪ್ರಶ್ನೆ: ಸಾರ್, ವಯಸ್ಸು 27, ವ್ಯವಸಾಯ. ದೊಡ್ಡಪ್ಪನ ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅವನಿಂದಾಗಿ ಅವನ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಹುಚ್ಚು ನನಗೂ ಹತ್ತಿದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮೊಬೈಲಿನಲ್ಲಿ ನೋಡುತ್ತೇನೆ. ಅದೇ ತಿಂಗಳುಗಳಲ್ಲಿ ಓಟ ಶುರು ಮಾಡಿದರೆ ಮೈ ಏಳುವುದಿಲ್ಲ, ಸುಸ್ತು. ಏನು ಮಾಡಲಿ?
ಓದುಗ, ಪಾಂಡವಪುರ ತಾಲ್ಲೂಕು

ಉತ್ತರ: ತಮ್ಮಾ, ನಿನ್ನ ಸುಸ್ತಿಗೆ ಕಾರಣ ಓಟ ಅಲ್ಲ, ಗಡಿಯಾರ. ಅವರ ಪೂರ್ವ ಕರಾವಳಿಯಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗಿನ 5.30. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಮೇಲೆ ನಮಗೆ 4.30. ಅವರ ದೊಡ್ಡ ಟೂರ್ನಮೆಂಟು, ಸೋತರೆ ಹೊರಗೆ ಅನ್ನುವಂಥದ್ದು, ನಡೆಯುವುದೂ ಆಗಲೇ. ಮಧ್ಯಾಹ್ನದ ಪಂದ್ಯಗಳು ನಮಗೆ ರಾತ್ರಿ ಹತ್ತರ ಆಚೀಚೆ ಶುರುವಾಗುತ್ತವೆ. ಎರಡನ್ನೂ ನೋಡಿದರೆ ಮಲಗುವುದು ಯಾವಾಗ? ಮೇಲೆ ತ್ರೀಫೇಸ್ ಕರೆಂಟು ರಾತ್ರಿ ಬರುವ ವಾರವಾದರೆ ಕಬ್ಬಿಗೆ ನೀರು ಕಟ್ಟಲು ನೀನು ಹೋಗಲೇಬೇಕು.

ಬೆಳಗಿನ ಪಂದ್ಯ ಇಟ್ಟುಕೋ, ರಾತ್ರಿಯದು ಬಿಡು. 5.30ರ ಪಂದ್ಯಕ್ಕೆ ಒಂಬತ್ತೂವರೆಗೆ ಮಲಗಿ ಐದಕ್ಕೆ ಎದ್ದರೂ ಏಳೂವರೆ ಗಂಟೆ ನಿದ್ದೆ ಸಿಗುತ್ತದೆ. ಪುರುಷರ ಕಾಲೇಜು ಪಂದ್ಯ ಅಲ್ಲಿ 20 ನಿಮಿಷದ ಎರಡು ಭಾಗ. ನಡುವಿನ ವಿರಾಮದಲ್ಲಿ ಅಂಗಳಕ್ಕಿಳಿದು ಹಗ್ಗ ಜಿಗಿ, ದಂಡ ಹೊಡಿ. ಪಂದ್ಯ ಮುಗಿದ ಮೇಲೆ ನಾಲೆ ಏರಿಯ ಮೇಲೆ ಓಡು. ನೀರು ಕಟ್ಟಿದ ಮರುದಿನ ಓಟವೂ ಬೇಡ, ಪಂದ್ಯವೂ ಬೇಡ. ಒಂದು ವಾರ ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಹಾಸಿಗೆ ಬಿಡುವ ಮುಂಚೆ ನಾಡಿ ಎಣಿಸಿ ಬರೆದಿಡು. ಆಮೇಲೆ ಯಾವ ದಿನ ಅದಕ್ಕಿಂತ ಹತ್ತು ಬಡಿತ ಹೆಚ್ಚಿದೆಯೋ ಆ ದಿನ ಓಡಬೇಡ. ನಿದ್ದೆಗೆಟ್ಟಾಗಲೂ ಜ್ವರ ಬರುವ ಮುಂಚೆಯೂ ನಾಡಿ ಏರುತ್ತದೆ, ನಮ್ಮ ಹುಡುಗರಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಕಬ್ಬು ಕಡಿದು ಹೊರೆ ಹೊತ್ತ ದಿನವನ್ನು ವ್ಯಾಯಾಮದ ದಿನ ಎಂದೇ ಬರೆದುಕೋ.

ಪ್ರಶ್ನೆ: ನಮ್ಮ ಕಾಲೇಜು ತಂಡ ಮೈಸೂರಿನಲ್ಲಿ ಆಡಿದಾಗಲೆಲ್ಲ ನಾವು ಐದಾರು ಗೆಳೆಯರು ಮಂಡ್ಯದಿಂದ ಬೈಕಿನಲ್ಲಿ ಹೋಗುತ್ತೇವೆ. ಮರುದಿನ ಸೊಂಟ ಹಿಡಿದುಕೊಳ್ಳುತ್ತದೆ. ಯಾವ ವ್ಯಾಯಾಮ ಮಾಡಬೇಕು?
ವಿದ್ಯಾರ್ಥಿ, ಮಂಡ್ಯ

ಉತ್ತರ: ವ್ಯಾಯಾಮಕ್ಕಿಂತ ಮುಂಚೆ ಬೈಕು ಮನೆಯಲ್ಲಿ ಬಿಡು. ಹೋಗಿ ಬರಲು ತೊಂಬತ್ತು ಕಿಲೋಮೀಟರ್, ನಡುವೆ ಎರಡು ಗಂಟೆ ಕಟ್ಟೆಯ ಮೇಲೆ ಬೆನ್ನು ಬಗ್ಗಿಸಿ ಕೂರುವುದು. ಯಾವ ಸೊಂಟ ಸುಮ್ಮನಿರುತ್ತದೆ? ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವೂ ಇಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಗೆದ್ದ ರಾತ್ರಿ ಕೂಗಾಡಿಕೊಂಡು ಕತ್ತಲಲ್ಲಿ ವಾಪಸು ಬರುವ ಹುಡುಗರನ್ನು ನೆನೆದರೆ ನನಗೆ ಇವತ್ತಿಗೂ ನಿದ್ದೆ ಹತ್ತುವುದಿಲ್ಲ. ಸಂಜೆ ರೈಲಿನ ಹೊತ್ತು ಮೊದಲೇ ನೋಡಿಟ್ಟುಕೊಳ್ಳಿ, ಪಂದ್ಯ ತಡವಾದರೆ ಮೂರನೇ ಕ್ವಾರ್ಟರ್ ಮುಗಿದದ್ದೇ ಎದ್ದು ನಿಲ್ದಾಣಕ್ಕೆ ನಡೆಯಿರಿ. ಸೊಂಟ ಆಮೇಲೂ ನೋಯುತ್ತಿದ್ದರೆ, ಕಾಲಿಗೆ ಜೋಮು ಇಳಿಯುತ್ತಿದ್ದರೆ ಮೂಳೆ ಡಾಕ್ಟರಿಗೆ ತೋರಿಸು. ಮುಂದಿನ ಪಂದ್ಯಕ್ಕೆ ರೈಲಿನಲ್ಲಿ ಹೋಗಿಬಂದಿರೆಂದು ನನಗೊಂದು ಸಾಲು ಬರೆದು ಹಾಕು.